ಜನಗಣತಿಯ ಪಿಸಿಎ ಕಡತ: ಅಂಕಿ ಚೊಕ್ಕ, ಬಳಕೆ ತೊಡಕು

ಬಳ್ಳಾರಿ, ರಾಯಚೂರು, ಕೊಪ್ಪಳದ ಲಿಂಗಾನುಪಾತ (ಸಾವಿರ ಗಂಡಿಗೆ ಎಷ್ಟು ಹೆಣ್ಣು ಎಂಬ ಲೆಕ್ಕ) ಬೇಕೆಂದವರು ಕೊನೆಗೆ ಬಂದು ನಿಲ್ಲುವುದು 2011ರ ಜನಗಣತಿಯ ‘ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರ್ಯಾಕ್ಟ್’ (ಪಿಸಿಎ, ಅಂದರೆ ಗಣತಿಯ ಮೂಲ ಅಂಕಿಗಳ ಸಾರಾಂಶ) ಎಕ್ಸೆಲ್ ಕಡತದ ಮುಂದೆಯೇ. ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಹಳ್ಳಿ ಮತ್ತು ವಾರ್ಡ್ ಮಟ್ಟದವರೆಗೂ ಇಳಿಯುತ್ತದೆ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಉಳಿದ ಒಂದೂವರೆ ಎಲ್ಲಿ ಹೋಯಿತು ಅನ್ನುವುದು ಮುಂದಿದೆ.

ಮೊದಲನೆಯದಾಗಿ, ಇದರಲ್ಲಿ ಲಿಂಗಾನುಪಾತದ ಕಾಲಂ ಇಲ್ಲ. ಗಂಡು, ಹೆಣ್ಣು, 0–6ರ ಗಂಡುಮಕ್ಕಳು, ಹೆಣ್ಣುಮಕ್ಕಳು, ಅನುಪಾತಕ್ಕೆ ಸಿಗುವುದು ಇಷ್ಟೇ ಎಣಿಕೆ. ಹೆಣ್ಣಿನ ಸಂಖ್ಯೆಯನ್ನು ಗಂಡಿನ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸುವ ಕೆಲಸ ನಮ್ಮದು. ಜಿಲ್ಲೆ, ತಾಲ್ಲೂಕಿನ ಲೆಕ್ಕಕ್ಕಾದರೆ ಅದಕ್ಕೂ ಮುಂಚೆ ‘ಟಿಆರ್‌ಯು’ (ಟೋಟಲ್, ರೂರಲ್, ಅರ್ಬನ್) ಕಾಲಂನಲ್ಲಿ ‘ಟೋಟಲ್’ ಒಂದನ್ನೇ ಫಿಲ್ಟರ್ ಮಾಡಿ. ಜಿಲ್ಲೆಗೂ ತಾಲ್ಲೂಕಿಗೂ ಒಟ್ಟು, ಗ್ರಾಮೀಣ, ನಗರ ಎಂದು ಬೇರೆಬೇರೆ ಸಾಲುಗಳಿವೆ. ಫಿಲ್ಟರ್ ಮಾಡದೆ ಬಿಟ್ಟರೆ ಜನಸಂಖ್ಯೆ ಎರಡೆರಡು ಸಲ ಕೂಡಿಕೊಳ್ಳುತ್ತದೆ. ಜಿಲ್ಲಾ ಕೋಡ್ ರಾಯಚೂರಿಗೆ 559, ಕೊಪ್ಪಳಕ್ಕೆ 560, ಬಳ್ಳಾರಿಗೆ 565. ಹೆಸರು ಹಾಕಿ ಹುಡುಕುವುದಾದರೆ ಇಂಗ್ಲಿಷಿನ ಹಳೆಯ ‘ಬೆಲ್ಲರಿ’ ಕಾಗುಣಿತವೇ ಬೇಕು.

ತಾಲ್ಲೂಕುಗಳ ಅನುಪಾತ ತೆಗೆದು ಸರಾಸರಿ ಹಾಕುವವರು ಬಹಳ ಮಂದಿ. ಒಂದು ಕಡೆ 10,000 ಗಂಡುಮಕ್ಕಳಿಗೆ 9,000 ಹೆಣ್ಣುಮಕ್ಕಳು, ಇನ್ನೊಂದು ಕಡೆ 1,000ಕ್ಕೆ 1,000 ಅಂದುಕೊಳ್ಳಿ. ಸರಾಸರಿ 950 ಬರುತ್ತದೆ, ನಿಜವಾದದ್ದು 909. ಮೊದಲು ಕೂಡಿಸಿ, ಆಮೇಲೆ ಭಾಗಿಸಿ.

ರಾಯಚೂರಿನ ಸಾಲು ನೋಡಿದರೆ ಖುಷಿಯಾಗುತ್ತದೆ: 9,64,511 ಗಂಡು, 9,64,301 ಹೆಣ್ಣು. ಸಾವಿರಕ್ಕೆ ಸಾವಿರ! ಕೊಪ್ಪಳ 986, ಬಳ್ಳಾರಿ 983, ರಾಜ್ಯ 973. ಹಿಗ್ಗಬೇಡಿ. ಒಟ್ಟು ಅನುಪಾತದಲ್ಲಿ ವಲಸೆಯೂ ಹೆಂಗಸರ ಹೆಚ್ಚಿನ ಆಯುಸ್ಸೂ ಬೆರೆತಿರುತ್ತವೆ. ಎಣಿಕೆ ನಡೆದದ್ದು ಫೆಬ್ರುವರಿಯಲ್ಲಿ, ಒಣಭೂಮಿಯ ಊರುಗಳಿಂದ ಬೆಂಗಳೂರಿಗೆ ಗುಳೆ ಹೋಗುವ ಕಾಲ. ಗಂಡಾಳುಗಳಷ್ಟೇ ಹೋದ ಊರಲ್ಲಿ ಅನುಪಾತ ಏರುತ್ತದೆ, ಗಂಡಾಳುಗಳು ಬಂದು ಸೇರುವ ಗಣಿ, ಕಾರ್ಖಾನೆಗಳ ಊರಲ್ಲಿ ಇಳಿಯುತ್ತದೆ. ಭ್ರೂಣಲಿಂಗ ಪತ್ತೆಯ ಸುಳಿವು ಬೇಕಿದ್ದರೆ 0–6ರ ಕಾಲಂಗಳನ್ನೇ ಹಿಡಿಯಿರಿ. ಪ್ರಕೃತಿಯಲ್ಲಿ ನೂರು ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ನಮ್ಮ ಲೆಕ್ಕದಲ್ಲಿ ಅದು ಸಾವಿರಕ್ಕೆ 952. ಹಾಗಾಗಿ ಮಕ್ಕಳಲ್ಲಿ 950 ಕಂಡರೆ ಅದು ಕೊರತೆಯಲ್ಲ, 1000 ಗುರಿಯೂ ಅಲ್ಲ.

ಹಳ್ಳಿ ಮಟ್ಟದ ಅಂಕಿಯೇ ಈ ಕಡತದ ಆಕರ್ಷಣೆ, ಅದೇ ಬಲೆ ಕೂಡ. 0–6ರ ನೂರು ಮಕ್ಕಳಿರುವ ಊರಲ್ಲಿ ಯಾರ ಕೈವಾಡವೂ ಇಲ್ಲದೆ ಗಂಡುಮಕ್ಕಳು 41ರಿಂದ 61ರವರೆಗೆ ಎಷ್ಟಾದರೂ ಇರಬಹುದು. ಅನುಪಾತವಾದರೆ 640ರಿಂದ 1440! ‘ನಮ್ಮೂರಲ್ಲಿ 1300’ ಎಂದು ಬೀಗುವುದೂ ದಂಡ, ‘700’ ಎಂದು ಬೆಚ್ಚುವುದೂ ದಂಡ. ಹತ್ತು ಸಾವಿರ ಮಕ್ಕಳನ್ನು ಕೂಡಿಸಿದಾಗಲೂ 915–990ರ ನಡುವೆ ಓಲಾಟ ಇದ್ದೇ ಇರುತ್ತದೆ. ತಾಲ್ಲೂಕಿಗಿಂತ ಕೆಳಗೆ ಇಳಿದು ತೀರ್ಮಾನ ಬರೆಯಬೇಡಿ.

ಗಡಿಗಳ ವಿಷಯಕ್ಕೆ ಹೆಚ್ಚು ಹೊತ್ತು ಬೇಕು. ಕಡತದ ಬಳ್ಳಾರಿಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಇನ್ನೂ ಇವೆ. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಈಗಿನ ಬಳ್ಳಾರಿ ಬೇಕಿದ್ದರೆ ಬಳ್ಳಾರಿ, ಸಿರುಗುಪ್ಪ, ಸಂಡೂರು ತಾಲ್ಲೂಕುಗಳನ್ನು ಇಟ್ಟುಕೊಂಡು, ಕಂಪ್ಲಿ ಭಾಗದ ಊರುಗಳನ್ನು ಹೊಸಪೇಟೆಯ ಸಾಲುಗಳಿಂದ ಒಂದೊಂದಾಗಿ ಹೆಕ್ಕಬೇಕು. ವಿಜಯನಗರ ಕಟ್ಟುವವರು ಹರಪನಹಳ್ಳಿಯನ್ನು ದಾವಣಗೆರೆಯಲ್ಲಿ ಹುಡುಕಬೇಕು. 1991ರ ಜೊತೆ ಹೋಲಿಸುವುದಿದ್ದರೆ ಆಗಿನ ರಾಯಚೂರಿನ ಹೊಟ್ಟೆಯೊಳಗೇ ಕೊಪ್ಪಳ ಇತ್ತು.

ಇನ್ನೊಂದು ಸಣ್ಣ, ಆದರೆ ಸಲ್ಲದ ಕೊರತೆ: 2011ರಲ್ಲಿ ಮೊದಲ ಸಲ ‘ಇತರೆ’ ಎಂದು ಲಿಂಗ ಬರೆಸಿಕೊಂಡರೂ, ಈ ಕಡತದಲ್ಲಿ ಅವರನ್ನು ಗಂಡಸರ ಕಾಲಂಗೆ ಸೇರಿಸಿದ್ದಾರೆ.

ಇದಕ್ಕೆ ಬದಲಾಗಿ ಜನನ ನೋಂದಣಿಯ ಅಂಕಿ ಬಳಸಬಹುದೇ? ವರ್ಷವರ್ಷ ಸಿಗುತ್ತದೆ ನಿಜ. ಆದರೆ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ಮನೆಯಿರುವ ಊರಲ್ಲಲ್ಲ. ಬಾಣಂತನಕ್ಕೆ ತವರಿಗೆ ಬಂದವರು, ಸಿರುಗುಪ್ಪದಿಂದಲೂ ಆಂಧ್ರದ ಗಡಿಯೂರುಗಳಿಂದಲೂ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬಂದವರು, ಎಲ್ಲರೂ ಹೆರಿಗೆಯಾದ ಊರಿನ ಲೆಕ್ಕಕ್ಕೆ ಸೇರುತ್ತಾರೆ. ಕುಟುಂಬ ಆರೋಗ್ಯ ಸಮೀಕ್ಷೆ 2019–21ರ ಅಖಿಲ ಭಾರತ 1020 ಅಂತೂ ಮಾದರಿ ಮನೆಗಳ ಅಂಕಿ. ಅದನ್ನು ಜನಗಣತಿಯ 943ರ ಪಕ್ಕ ಇಟ್ಟು ಏರಿಕೆ ತೋರಿಸುವುದು ತಪ್ಪು. ಜನನದ ಹೊತ್ತಿನ ಅನುಪಾತ ಅದೇ ಸಮೀಕ್ಷೆಯಲ್ಲಿ 929 ಮಾತ್ರ.

ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಜಿಲ್ಲೆ, ತಾಲ್ಲೂಕುಗಳು ಬದಲಾದ ಮೇಲೆ ಹೋಲಿಕೆಗೆ ಆಧಾರ ಬೇಕಾಗುತ್ತದೆ, ಆದ್ದರಿಂದ ಈಗಲೇ ಕಡತವನ್ನು ಊರುಗಳ ಆರಂಕಿ ಕೋಡ್ ಸಮೇತ ಇಳಿಸಿಟ್ಟುಕೊಳ್ಳಿ.