ಇಪ್ಪತ್ತೇಳು ಕಿಲೋ ಇಳಿಸಿಕೊಂಡ ಯೆಜ್ಡಿ: ಮೈಸೂರಿನ ಒಂದು ಸಣ್ಣ ವರ್ಕ್‌ಶಾಪಿನ ಕೆಲಸ

ಅಪ್ಪ 1984ರಲ್ಲಿ ಕೊಂಡು, ಈಗ ನಾನು ಓಡಿಸುತ್ತಿರುವ ಎರಡು ಸೈಲೆನ್ಸರಿನ ಯೆಜ್ಡಿ 250 ಬೈಕನ್ನು ಹಗುರಗೊಳಿಸಿಕೊಡಬೇಕೆಂದು ಮೈಸೂರಿನ ಹೊರವಲಯದ ಒಂದು ವರ್ಕ್‌ಶಾಪಿಗೆ ಕಳೆದ ವರ್ಷ ಒಪ್ಪಿಸಿದ್ದೆ. ನಾಲ್ಕು ತಿಂಗಳೆಂದು ಹೇಳಿದ್ದ ಕೆಲಸ ಒಂಬತ್ತು ತಿಂಗಳಿಗೆ ಮುಗಿಯಿತು. ಒಟ್ಟು ಖರ್ಚು ₹1,70,000 ದಾಟಿತು. ಮೇಸ್ತ್ರಿಯವರು ವರ್ಷಕ್ಕೆ ಮೂರು ಬೈಕುಗಳಿಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ, ಹೆಸರು ಬರೆಯಬೇಡಿರೆಂದು ಕೇಳಿಕೊಂಡಿದ್ದಾರೆ. ಕೆಲವು ದೂರುಗಳನ್ನೂ ಇಲ್ಲಿ ಬರೆಯುತ್ತಿರುವುದರಿಂದ ನನಗೂ ಅದೇ ಸರಿಯೆನಿಸಿತು.

ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಈ ಬೈಕುಗಳನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಹಾಕಿತಾದರೂ, ಆ ಬೈಕುಗಳ ಕೈಕೆಲಸ ಬಲ್ಲವರು ಮೈಸೂರಿನಲ್ಲಿ ಇನ್ನೂ ಇದ್ದಾರೆ ಎಂಬುದೇ ನಾನು ಬೆಂಗಳೂರಿನ ಹೊಳೆಯುವ ಕಸ್ಟಮ್ ಶೋರೂಮುಗಳನ್ನು ಬಿಟ್ಟು ಅಲ್ಲಿಗೆ ಹೋಗಲು ಕಾರಣ. ಮೊದಲ ದಿನವೇ ಮೇಸ್ತ್ರಿಯವರು ಬೈಕನ್ನು ಬಿಚ್ಚುವ ಮೊದಲು ಎರಡು ಅಕ್ಕಿ ಅಂಗಡಿ ತಕ್ಕಡಿಗಳನ್ನು ತಂದು, ಮುಂದಿನ ಚಕ್ರವನ್ನು ಒಂದರ ಮೇಲೆ, ಹಿಂದಿನದನ್ನು ಇನ್ನೊಂದರ ಮೇಲೆ ನಿಲ್ಲಿಸಿದರು. ಪೆಟ್ರೋಲಿಲ್ಲದೆ ಮುಂದೆ 62, ಹಿಂದೆ 75, ಒಟ್ಟು 137 ಕಿಲೋ ಬಂತು. ಆ ಬಳಿಕ ಬಿಚ್ಚಿದ ಪ್ರತಿಯೊಂದು ಭಾಗವನ್ನೂ ತೂಗಿ ಒಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ಕಣ್ಣಿಗೆ ತೆಳ್ಳಗೆ ಕಂಡರೆ ಸಾಕೆಂದು ಮಡ್‌ಗಾರ್ಡ್ ಕತ್ತರಿಸಿ ಬಿಲ್ ಮಾಡುವವರನ್ನು ನೋಡಿದ್ದ ನನಗೆ ಈ ಪುಸ್ತಕವೊಂದೇ ಅರ್ಧ ನಂಬಿಕೆ ತಂದಿತು.

ನಾನು ಕೇಳಿದ್ದು ಹಿಂಭಾಗದ ಚಾಸಿಯನ್ನೇ ಕತ್ತರಿಸಿ ತೆಳುವಾದ ಸೀಮ್‌ಲೆಸ್ ಪೈಪಿನಲ್ಲಿ ಹೊಸದಾಗಿ ಕಟ್ಟಬೇಕೆಂದು. "ಸಾರ್, ಚಾಸಿಗೆ ನಾನು ಗರಗಸ ಹಾಕಲ್ಲ, ಹಾಕೋರ ಹತ್ರ ಹೋಗಿ" ಎಂದು ಅವರು ಮುಖಕ್ಕೇ ಹೇಳಿದರು. ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ನಮೂದಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಬೋಲ್ಟು ಬಿಚ್ಚಿದರೆ ಕೈಗೆ ಬರುವ ಭಾಗಗಳನ್ನು ಮಾತ್ರ ಹೊಸದಾಗಿ ಮಾಡುವುದು, ಹಳೆಯದನ್ನು ಯಾವಾಗ ಬೇಕಾದರೂ ಮರಳಿ ಕೂರಿಸುವಂತಿರಬೇಕು ಎಂಬುದು ಅವರ ಷರತ್ತು. ಆಗ ಬೇಸರವಾಗಿದ್ದು ನಿಜ. ಇಂದು ಆ ನಿರಾಕರಣೆಯನ್ನೇ ಅವರ ಸೇವೆಯ ಮೊದಲ ಗುಣವೆಂದು ಎಣಿಸುತ್ತೇನೆ.

ಇಡೀ ಕೆಲಸದಲ್ಲಿ ಅತ್ಯುತ್ತಮವಾದದ್ದು ಪೆಟ್ರೋಲ್ ಟ್ಯಾಂಕು. ಎರಡು ಶನಿವಾರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ನೋಡಿದ್ದೇನೆ. 1.6 ಮಿಲಿಮೀಟರಿನ ಅಲ್ಯೂಮಿನಿಯಂ ಹಾಳೆಯ ಮೇಲೆ ಬಟ್ಟೆ ಸೋಪನ್ನು ಉಜ್ಜಿ ಗ್ಯಾಸ್ ಜ್ವಾಲೆ ಹಿಡಿಯುತ್ತಾರೆ. ಸೋಪಿನ ಗೀರು ಕಪ್ಪಾದೊಡನೆ ಜ್ವಾಲೆ ಸರಿಸಬೇಕು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, 660 ಡಿಗ್ರಿಗೆ ಹಠಾತ್ತನೆ ಕರಗಿ ಕೆಳಗೆ ಬೀಳುತ್ತದೆ. ಅದಕ್ಕಿಂತ ಬಹಳ ಮೊದಲೇ ಕಪ್ಪಾಗುವ ಸೋಪು ಇಲ್ಲಿ ಥರ್ಮಾಮೀಟರಿನ ಕೆಲಸ ಮಾಡುತ್ತದೆ. ಹೀಗೆ ಮೆತ್ತಗಾದ ಹಾಳೆಯನ್ನು ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು ಉಬ್ಬಿಸುತ್ತಾರೆ. ಬಡಿದಷ್ಟೂ ಲೋಹ ಮತ್ತೆ ಗಡಸಾಗುವುದರಿಂದ ಸೋಪು, ಬೆಂಕಿ, ಸುತ್ತಿಗೆ ಎಂಬ ಸುತ್ತು ಐದಾರು ಬಾರಿ ನಡೆಯಿತು. ಎರಡು ಬದಿಗಳನ್ನು ಆರ್ಗಾನ್ ವೆಲ್ಡಿಂಗಿನಲ್ಲಿ ಜೋಡಿಸಿ, ಒಳಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ಹಳೆಯ ಟ್ಯಾಂಕಿಗಿಂತ 4.4 ಕಿಲೋ ಕಡಿಮೆ, ಆಕಾರ ಮಾತ್ರ ಹಳೆಯ ಜಾವಾದ್ದೇ.

ಇಂಥ ಟ್ಯಾಂಕು 600 ಕಿಲೋಮೀಟರಿಗೆ ಅದನ್ನು ಚಾಸಿಗೆ ಬಿಗಿಯುವ ಹಿಂಬದಿಯ ಹಿಡಿಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಸೀಟಿನ ಕೆಳಗೆ ಪೆಟ್ರೋಲು ಜಿನುಗತೊಡಗಿತು. ಹಿಡಿಕೆಯನ್ನು ನೇರವಾಗಿ ಚಾಸಿಗೆ ಬೋಲ್ಟು ಮಾಡಿದ್ದೇ ತಪ್ಪು: ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್ನಿನ ನಡುಕವನ್ನು ದಪ್ಪ ಉಕ್ಕು ತಡೆದುಕೊಳ್ಳುತ್ತದೆ, ತೆಳು ಅಲ್ಯೂಮಿನಿಯಂ ತಡೆಯುವುದಿಲ್ಲ. ಅವರು ವಾದ ಮಾಡದೆ ಟ್ಯಾಂಕು ಇಳಿಸಿ, ಬಿರುಕಿಗೆ ಪಟ್ಟಿ ಕೂರಿಸಿ ವೆಲ್ಡ್ ಮಾಡಿ, ಮೂರೂ ಕಡೆ ರಬ್ಬರ್ ಬುಷ್ ಹಾಕಿ ಹಣವಿಲ್ಲದೆ ಕೊಟ್ಟರು. ಅಷ್ಟು ಅನುಭವವಿದ್ದವರಿಗೆ ಇದು ಮೊದಲೇ ಹೊಳೆಯಬೇಕಾಗಿತ್ತು ಎಂಬ ನನ್ನ ಆಕ್ಷೇಪ ಮಾತ್ರ ಹಾಗೆಯೇ ಇದೆ.

ಸೈಲೆನ್ಸರಿನ ವಿಷಯ ಇನ್ನೂ ಸೂಕ್ಷ್ಮ. ಮೂಲದ ಎರಡು ಸೈಲೆನ್ಸರುಗಳನ್ನು ತೆಗೆದು, ಎರಡು ಬೆಂಡ್ ಪೈಪುಗಳನ್ನು ಇಂಜಿನ್ನಿನ ಕೆಳಗೆ ಒಂದುಗೂಡಿಸಿ, ತಗಡಿನ ಶಂಕುಗಳನ್ನು ಸುತ್ತಿ ಬೆಸೆದ ಒಂದೇ ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಉಬ್ಬಿದ ಹೊಗೆ ಕೊಳವೆ) ಹಾಕಿದ್ದಾರೆ. ಇಲ್ಲಿ ಇಳಿದ ತೂಕ 7.6 ಕಿಲೋ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಈ ಕೊಳವೆ ಹೊಗೆ ಬಿಡುವುದಕ್ಕಷ್ಟೇ ಇರುವುದಲ್ಲ. ಹೊರಟ ಒತ್ತಡದ ಅಲೆ ಹಿಂದಿನ ಶಂಕುವಿಗೆ ಬಡಿದು ಮರಳಿ ಬಂದು, ಜಾರಿಹೋಗುತ್ತಿದ್ದ ಹೊಸ ಪೆಟ್ರೋಲ್-ಗಾಳಿ ಮಿಶ್ರಣವನ್ನು, ಹೊಗೆ ಹೊರಡುವ ಕಿಂಡಿಯಾದ ಪೋರ್ಟು ಮುಚ್ಚುವ ಮೊದಲು ಸಿಲಿಂಡರಿನೊಳಕ್ಕೆ ತಳ್ಳುತ್ತದೆ, ಮತ್ತು ಇಂಜಿನ್ ಯಾವ ವೇಗದಲ್ಲಿ ತಿರುಗುವಾಗ ಆ ಅಲೆ ಸರಿಯಾದ ಹೊತ್ತಿಗೆ ತಲುಪುತ್ತದೆ ಎಂಬುದನ್ನು ಕೊಳವೆಯ ಉದ್ದ ನಿರ್ಧರಿಸುತ್ತದೆ. ಮೊದಲು ಮಾಡಿದ ಚೇಂಬರ್ ಗಿಡ್ಡವಾಗಿ, ಕೆಳಗಿನ ವೇಗದಲ್ಲಿ ಬೈಕು ಸತ್ತಂತಿದ್ದು ಮೇಲೆ ಹೋದಾಗ ಒಮ್ಮೆಲೇ ಎಗರುತ್ತಿತ್ತು. ದೇವರಾಜ ಮಾರುಕಟ್ಟೆಯ ಮುಂದಿನ ಗದ್ದಲದಲ್ಲಿ ಓಡಿಸುವವನಿಗೆ ಅದು ಶಿಕ್ಷೆ. ಎರಡನೆಯದನ್ನು ಉದ್ದ ಮಾಡಿದ ಮೇಲೆ ಎಳೆತ ಬಹುಮಟ್ಟಿಗೆ ಮರಳಿದೆ. ಕೊನೆಗೆ ಗಾಜಿನ ಉಣ್ಣೆ ತುಂಬಿದ ಸಣ್ಣ ಸೈಲೆನ್ಸರ್ ಇದೆಯಾದರೂ ಜಾವಾದ ಆ ಹಳೆಯ ಗುಡುಗುಡು ಈಗಿಲ್ಲ, ಅಪ್ಪ ಶಬ್ದ ಕೇಳಿ "ಇದು ನಮ್ಮ ಗಾಡಿಯೇ?" ಎಂದರು. ಅದು ಹೊಗಳಿಕೆಯಾಗಿರಲಿಲ್ಲ.

ಮಡ್‌ಗಾರ್ಡುಗಳಲ್ಲಿ 4.2, ಸೀಟಿನಲ್ಲಿ 4.1, ಬ್ಯಾಟರಿ, ಡೈನಮೋ ಮುಂತಾದವುಗಳಲ್ಲಿ 4 ಕಿಲೋ ಇಳಿದಿದೆ. ಅಲಾಯ್ ರಿಮ್ಮುಗಳಿಂದ ಇಳಿದದ್ದು 3 ಕಿಲೋ ಮಾತ್ರವೇ ಆದರೂ ಓಡಿಸುವಾಗ ಮೊದಲು ಗೊತ್ತಾಗುವುದು ಅದೇ. ರಿಮ್ಮಿನ ತೂಕವನ್ನು ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು, ಹಾಗಾಗಿ ವೇಗ ಏರಿಸುವಾಗ ಅಲ್ಲಿನ ಒಂದು ಕಿಲೋ ಸುಮಾರು ಎರಡು ಕಿಲೋಗೆ ಸಮ. ರಿಮ್ಮುಗಳನ್ನು ನಾನೇ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದುಕೊಟ್ಟೆ, ಕಡ್ಡಿ (ಸ್ಪೋಕು) ಕಟ್ಟಿ ಬೆಂಡು ತೆಗೆದ ಕೆಲಸದಲ್ಲಿ ಕೊರತೆಯಿಲ್ಲ.

ಈಗ ತಕ್ಕಡಿ ತೋರಿಸುವುದು ಮುಂದೆ 52.5, ಹಿಂದೆ 57.2, ಒಟ್ಟು 109.7 ಕಿಲೋ. ತೂಕ ಹೆಚ್ಚಾಗಿ ಹಿಂದಿನಿಂದ ಇಳಿದಿರುವುದರಿಂದ ಹ್ಯಾಂಡಲು ಮೊದಲಿಗಿಂತ ನಿಖರವಾಗಿದೆ. ಇದರ ಇನ್ನೊಂದು ಮುಖವನ್ನು ಮಾತ್ರ ವರ್ಕ್‌ಶಾಪು ಗಮನಿಸಲಿಲ್ಲ: ಹಿಂದಿನ ಶಾಕ್ ಅಬ್ಸಾರ್ಬರುಗಳ ಸ್ಪ್ರಿಂಗು ಹಳೆಯ ತೂಕಕ್ಕೆ ತಕ್ಕದ್ದು. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಸಣ್ಣ ಗುಂಡಿಗೂ ಹಿಂದಿನ ಚಕ್ರ ನೆಲ ಬಿಟ್ಟು ಪುಟಿಯುತ್ತಿತ್ತು. ಮೆತ್ತಗಿನ ಸ್ಪ್ರಿಂಗಿಗೆ ₹3,800 ಬೇರೆಯಾಗಿ ಕೊಡಬೇಕಾಯಿತು, ಮತ್ತು ಇದನ್ನು ಮೊದಲ ಅಂದಾಜಿನಲ್ಲೇ ಸೇರಿಸಬೇಕಾಗಿತ್ತೆಂದು ನಾನು ಈಗಲೂ ಹೇಳುತ್ತೇನೆ. ವೈರಿಂಗ್ ಇವರ ದುರ್ಬಲ ಕೊಂಡಿ. ಹೊಸ 12 ವೋಲ್ಟಿನ ವ್ಯವಸ್ಥೆಗೆ ಎಳೆದ ತಂತಿಗಳು ಹೆಡ್‌ಲೈಟಿನೊಳಗೆ ಹುಲ್ಲಿನ ಹೊರೆಯಂತಿದ್ದವು, ಅದನ್ನು ಬೇರೆ ಎಲೆಕ್ಟ್ರಿಷಿಯನ್ನಿಂದ ಮತ್ತೆ ಮಾಡಿಸಿದ್ದೇನೆ. ಮೇಸ್ತ್ರಿಯವರು ಫೋನು ಎತ್ತುವುದಿಲ್ಲ, ಹೋಗಿಯೇ ವಿಚಾರಿಸಬೇಕು.

ದಿನವೂ ಕೆಲಸಕ್ಕೆ ಹೋಗಿಬರಲು ಬೈಕು ಬೇಕಾದವರು, ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಳ್ಳುವವರು ಇಲ್ಲಿಗೆ ಹೋಗಬೇಡಿ. ಒಂಬತ್ತು ತಿಂಗಳು ಕಾಯಬಲ್ಲ, ಲೋಹದ ಕೆಲಸಕ್ಕೆ ಬೆಲೆ ಕೊಡಬಲ್ಲ, ವೈರಿಂಗನ್ನು ಬೇರೆ ಕಡೆ ಮಾಡಿಸಿಕೊಳ್ಳಲು ಸಿದ್ಧರಿರುವವರು ಧಾರಾಳವಾಗಿ ಹೋಗಬಹುದು. ಬೈಕು ಒಪ್ಪಿಸುವ ದಿನ ಮೇಸ್ತ್ರಿಯವರು ಹಳೆಯ ಭಾಗಗಳನ್ನೆಲ್ಲ ಎರಡು ಗೋಣಿಚೀಲಗಳಲ್ಲಿ ಕಟ್ಟಿ, ಪ್ರತಿಯೊಂದಕ್ಕೂ ತೂಕ ಬರೆದ ಚೀಟಿ ಅಂಟಿಸಿ ಕೊಟ್ಟಿದ್ದಾರೆ. ಆರ್‌ಸಿ ನವೀಕರಣಕ್ಕೆ ಇನ್ನು ಹದಿನಾಲ್ಕು ತಿಂಗಳಿದೆ. ಆಗ ಎರಡು ಸೈಲೆನ್ಸರುಗಳನ್ನೂ ಉಕ್ಕಿನ ಮಡ್‌ಗಾರ್ಡುಗಳನ್ನೂ ಆ ಚೀಲಗಳಿಂದ ತೆಗೆದು ಮರಳಿ ಕೂರಿಸಿಯೇ ಆರ್‌ಟಿಓ ಕಚೇರಿಗೆ ಒಯ್ಯುವುದೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ.