ಬೇಲಿಗೆ ಕವಳಿಯೋ, ಡುರಾಂಟಾವೋ, ಸೀಮೆಹುಣಸೆಯೋ?

ಧಾರವಾಡದ ಹತ್ತಿರದ ನಮ್ಮ ಹೊಲಕ್ಕೆ ಮುಳ್ಳುತಂತಿ ಬೇಡ, ಹಸಿರು ಬೇಲಿಯೇ ಇರಲಿ ಎಂದು ಮೂರು ಬದಿಗೆ ಮೂರು ಬಗೆಯ ಗಿಡ ಹಾಕಿದೆವು. ಮಣ್ಣು ಒಂದೇ, ಮಳೆ ಒಂದೇ. ಹಾಗಾಗಿ ಹೋಲಿಸಿ ನೋಡುವುದು ಸುಲಭವಾಯಿತು.

ಮೊದಮೊದಲು ಸೀಮೆಹುಣಸೆಯದೇ ಮೇಲುಗೈ. ಬೀಜ ಊರಿ ನಾಲ್ಕು ಮಳೆ ಬಿದ್ದರೆ ಸಾಕು, ಎದ್ದು ನಿಲ್ಲುತ್ತದೆ. ಆದರೆ ಅದು ಮರವಾಗಬೇಕೆಂದೇ ಹುಟ್ಟಿದ್ದು. ಕತ್ತರಿ ಆಡಿಸುವುದು ಸ್ವಲ್ಪ ತಡವಾದರೂ ಮೇಲಕ್ಕೆ ಹೋಗಿ ಬುಡ ಬೋಳಾಗುತ್ತದೆ, ಹಂದಿ ನುಗ್ಗಲು ಅಷ್ಟು ಕಿಂಡಿ ಸಾಕು. ಆಡುಗಳಿಗಂತೂ ಅದರ ಎಲೆ ಬಲು ಇಷ್ಟ.

ಅಂದಕ್ಕೆ ಡುರಾಂಟಾ. ನೀಲಿ ಹೂಗೊಂಚಲು, ಆಮೇಲೆ ಜೋತುಬೀಳುವ ಹಳದಿ ಹಣ್ಣು, ಕತ್ತರಿಸಿದಷ್ಟೂ ಒತ್ತಾಗುವ ಚಿಗುರು. ಆದರೆ ಆ ಹಣ್ಣು ವಿಷ. ಮಕ್ಕಳು ಓಡಾಡುವಲ್ಲಿ ನಾನು ಅದನ್ನು ಹಾಕು ಎನ್ನಲಾರೆ. ಮುಳ್ಳೂ ನಂಬುವಂಥದ್ದಲ್ಲ, ಒಂದು ಗಿಡದಲ್ಲಿ ಇದ್ದರೆ ಪಕ್ಕದ್ದರಲ್ಲಿ ಇರುವುದಿಲ್ಲ.

ನನ್ನ ಮನಸ್ಸು ಗೆದ್ದದ್ದು ಕವಳಿ. ಕರಾವಳಿಯವರು ಕರಂಡೆ ಎನ್ನುವುದೂ ಇದನ್ನೇ. ಆರಂಭದಲ್ಲಿ ಬೆಳವಣಿಗೆ ಬಹಳ ನಿಧಾನ, ಅಷ್ಟು ದಿನ ತಾಳ್ಮೆ ಬೇಕೇ ಬೇಕು. ಎರಡು ಅಡಿಗೊಂದರಂತೆ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವಂತೆ ನೆಟ್ಟು, ಮೊಣಕಾಲೆತ್ತರ ಬಂದಾಗ ತುದಿ ಚಿವುಟಿದೆವು. ಅದರಿಂದ ಬುಡದಿಂದಲೇ ಕೊಂಬೆ ಒಡೆದವು. ಮೊದಲ ಬೇಸಿಗೆಗೆ ನೀರು ಕೊಟ್ಟದ್ದು ಬಿಟ್ಟರೆ ಬೇರೆ ಆರೈಕೆ ಕೇಳಲಿಲ್ಲ. ನೀರು ನಿಲ್ಲುವ ಮೂಲೆಯಲ್ಲಿ ಮಾತ್ರ ಏಳಲಿಲ್ಲ.

ಅದರ ಮುಳ್ಳನ್ನು ಹತ್ತಿರದಿಂದ ನೋಡಬೇಕು. ಗೆಣ್ಣಿನಲ್ಲಿ ಜೋಡಿ ಜೋಡಿಯಾಗಿ ಬರುತ್ತದೆ, ಕೆಲವು ತುದಿಯಲ್ಲಿ ಕವಲೊಡೆದಿರುತ್ತವೆ, ಗಡಸಾಗಿ ಒಂದು ಅಂಗುಲ ದಾಟುತ್ತವೆ. ಬೇಲಿ ಕೂಡಿಕೊಂಡ ಮೇಲೆ ಆ ಬದಿಯಿಂದ ದನ ಒಳಗೆ ಬಂದದ್ದಿಲ್ಲ. ಕೊಂಬೆ ಕಡಿದರೆ ಬಿಳಿ ಹಾಲು ಸುರಿದು ಕೈಗೆ ಅಂಟುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಹೋಗುತ್ತದೆ.

ಸವರುವುದಕ್ಕೂ ಕಾಲ ನೋಡಬೇಕು. ಮಲ್ಲಿಗೆಯಂಥ ಬಿಳಿ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಹೂವಿಗೆ ಮುಂಚೆ ಕತ್ತರಿ ಹಾಕಿದರೆ ಆ ವರ್ಷದ ಕಾಯಿ ಕೈತಪ್ಪಿದಂತೆಯೇ. ಹಣ್ಣು ಮುಗಿದ ಮೇಲೆ ಸವರುವುದೇ ಸರಿ. ಹಸಿರು ಕಾಯಿ ಉಪ್ಪಿನಕಾಯಿಗೆ, ಕಪ್ಪಾದ ಹಣ್ಣು ಹಾಗೇ ಬಾಯಿಗೆ. ಬೇಕರಿ ಕೇಕಿನ ಮೇಲೆ ಚೆರ್ರಿ ಎಂದು ಕೂರಿಸುವ ಕೆಂಪು ಗುಂಡು ಎಷ್ಟೋ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿಯೇ!

ಸಸಿ ಮಾಡುವವರು ಚೆನ್ನಾಗಿ ಕಳಿತ ಹಣ್ಣಿನ ಬೀಜವನ್ನು ತೊಳೆದು ತಡಮಾಡದೆ ಬಿತ್ತಿ. ಕೂಡಿಟ್ಟ ಬೀಜ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ.