ಫಿಟ್ಸ್ ನಿಲ್ಲಿಸುವ ಮೂಗಿನ ಸ್ಪ್ರೇ: ಬಿಸಿಲುನಾಡಿನ ಮನೆಗಳಲ್ಲಿ ಎಷ್ಟು ಕೈಹಿಡಿಯುತ್ತದೆ?

ಮಕ್ಕಳಿಗೆ ಫಿಟ್ಸ್ ಇರುವ ಮನೆಗಳಲ್ಲಿ ಈಗ ದಿನದ ಗುಳಿಗೆ, ಸಿರಪ್ಪಿನ ಪಕ್ಕದಲ್ಲಿ ಬೆರಳುದ್ದದ ಇನ್ನೊಂದು ಬಾಟಲಿ ಕಾಣುತ್ತದೆ. ಅದು ಮಿಡಜೋಲಮ್ ಮೂಗಿನ ಸ್ಪ್ರೇ. ದಿನಾ ಕೊಡುವ ಔಷಧ ಅಲ್ಲ. ಶುರುವಾದ ಫಿಟ್ಸ್ ತಾನಾಗಿ ನಿಲ್ಲದಿದ್ದಾಗ ಮಾತ್ರ ಹೊಡೆಯುವಂಥದ್ದು. ಕಂಪನಿಗಳು ಹಲವು, ಒಳಗಿನ ಮದ್ದು ಒಂದೇ, ಹಾಗಾಗಿ ಬ್ರ್ಯಾಂಡಿನ ಜಗಳ ಇಲ್ಲಿ ಬೇಡ. ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲು ಮತ್ತು ದೂರದ ನಡುವೆ ಈ ಬಾಟಲಿ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡೋಣ.

ಮದ್ದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಕೈಕೊಡುವುದು ಹೆಚ್ಚಾಗಿ ಪಫ್‌ಗಳ ಲೆಕ್ಕ (ಒಂದು ಸಲ ಪೂರಾ ಒತ್ತಿದರೆ ಒಂದು ಪಫ್), ಪಂಪು ಮತ್ತು ಬಾಟಲಿ ಇಟ್ಟ ಜಾಗ.

ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಮೈ ಸೆಟೆದು ಕೈಕಾಲು ಬಡಿಯುವುದು 5 ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ. 30 ನಿಮಿಷ ದಾಟಿದರೆ ಮೆದುಳಿಗೆ ಪೆಟ್ಟು ಬೀಳುವ ಭಯ. ಮಸ್ಕಿ ಕಡೆಯ ಹಳ್ಳಿಯಿಂದ ರಾಯಚೂರಿನ ರಿಮ್ಸ್‌ಗೋ, ಕುಷ್ಟಗಿಯ ಆಚೆಯಿಂದ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೋ ಅಷ್ಟರೊಳಗೆ ಮುಟ್ಟುವುದು ಕಷ್ಟ. 108 ಬರುವ ತನಕದ ಹೊತ್ತು ಮನೆಯವರ ಕೈಯಲ್ಲೇ ಇರುತ್ತದೆ. ಸ್ಪ್ರೇಯ ಬೆಲೆ ಇರುವುದು ಅಲ್ಲಿ.

ಇದಕ್ಕೂ ಮೊದಲು ಬಳಕೆಯಲ್ಲಿದ್ದದ್ದು ಗುದದ್ವಾರದಿಂದ ಕೊಡುವ ಡಯಾಜೆಪಾಮ್. ಅದೂ ಕೆಲಸ ಮಾಡುತ್ತದೆ. ಆದರೆ ಹತ್ತು ವರ್ಷದ ಹುಡುಗಿಗೆ ಬಸ್‌ಸ್ಟ್ಯಾಂಡಿನಲ್ಲಿ, ತರಗತಿಯಲ್ಲಿ ಅದನ್ನು ಕೊಡುವವರು ಯಾರು? ಮೂಗಿನ ಸ್ಪ್ರೇಗೆ ಬಟ್ಟೆ ಸರಿಸಬೇಕಿಲ್ಲ, ಹಲ್ಲು ಕಚ್ಚಿದ್ದರೂ ಅಡ್ಡಿಯಿಲ್ಲ. ಈ ಒಂದು ಕಾರಣಕ್ಕೇ ನಾವು ಇದಕ್ಕೆ ಹೆಚ್ಚು ಅಂಕ ಕೊಡುತ್ತೇವೆ.

ಇನ್ನು ಲೆಕ್ಕ. ತಪ್ಪು ಹೆಚ್ಚು ಆಗುವುದು ಇಲ್ಲಿ. ಸಾಮಾನ್ಯವಾಗಿ ಸಿಗುವ 5 ಎಂಎಲ್ ಬಾಟಲಿಯಲ್ಲಿ ಒಂದು ಪಫ್‌ಗೆ 0.1 ಎಂಎಲ್ ಬರುತ್ತದೆ, ಅದರಲ್ಲಿ 0.5 ಮಿಲಿಗ್ರಾಂ ಮದ್ದು. ಬಾಟಲಿಗೆ 50 ಪಫ್. ಮಕ್ಕಳ ವೈದ್ಯರು ಹಿಡಿಯುವ ಅಳತೆ ಸಾಮಾನ್ಯವಾಗಿ ಕೆಜಿಗೆ 0.2 ಮಿಲಿಗ್ರಾಂ. 10 ಕೆಜಿಯ ಮಗುವಿಗೆ 2 ಮಿಲಿಗ್ರಾಂ, ಅಂದರೆ 4 ಪಫ್, ಒಂದೊಂದು ಹೊಳ್ಳೆಗೆ ಎರಡೆರಡು. 20 ಕೆಜಿಗೆ 8 ಪಫ್. ‘ಸ್ಪ್ರೇ’ ಎಂಬ ಹೆಸರು ಕೇಳಿ ಒಂದೇ ಸಲ ಒತ್ತಿ ಬಾಟಲಿ ಕೆಳಗಿಡುವವರು ಬಹಳ. ಆಮೇಲೆ ‘ಔಷಧ ಹಿಡಿಯಲಿಲ್ಲ’ ಎಂಬ ದೂರು.

ಇದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ಒಂದು ಪಫ್‌ಗೆ 1.25 ಮಿಲಿಗ್ರಾಂ ಬರುವ ಬಾಟಲಿಯೂ ಮಾರುಕಟ್ಟೆಯಲ್ಲಿದೆ. ನೋಡಲು ಅಕ್ಕತಂಗಿಯರ ಹಾಗೆ. 20 ಕೆಜಿಯ ಮಗುವಿಗೆ ಅದರಲ್ಲಿ ಸುಮಾರು 3 ಪಫ್ ಸಾಕು. ಹಳೆಯ ಬಾಟಲಿಯ ರೂಢಿಯಲ್ಲಿ 8 ಒತ್ತಿದರೆ 10 ಮಿಲಿಗ್ರಾಂ ಒಳಗೆ ಹೋಗುತ್ತದೆ, ಬೇಕಾದದ್ದಕ್ಕಿಂತ ಎರಡೂವರೆ ಪಟ್ಟು, ಉಸಿರಾಟವೇ ನಿಧಾನವಾಗಬಹುದು. ತಿರುಗಿಸಿ, 0.5ರ ಬಾಟಲಿಯಲ್ಲಿ 3 ಪಫ್ ಹೊಡೆದು ಕೂತರೆ ಫಿಟ್ಸ್ ನಿಲ್ಲದೇ ಹೋಗಬಹುದು. ಆದ್ದರಿಂದ ಕೊಳ್ಳುವಾಗ ಪ್ರತಿ ಸಲವೂ ‘ಒಂದು ಪಫ್‌ಗೆ ಎಷ್ಟು’ ಎಂಬ ಸಾಲನ್ನು ಓದಿ. ಹಿಂದಿನದಕ್ಕಿಂತ ಬೇರೆ ಇದ್ದರೆ ಡಾಕ್ಟರಿಗೆ ತೋರಿಸಿ ಹೊಸ ಲೆಕ್ಕ ಬರೆಸಿಕೊಳ್ಳದೆ ಮನೆಗೆ ಒಯ್ಯಬೇಡಿ. ಮೇಲಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ; ನಿಮ್ಮ ಮಗುವಿನ ಪಫ್ ಎಷ್ಟು ಎನ್ನುವುದು ಅದರ ವೈದ್ಯರ ಚೀಟಿಯಲ್ಲಿ ಇರಬೇಕು. ಮಗು ಬೆಳೆಯುತ್ತದೆ, ಚೀಟಿ ಬೆಳೆಯುವುದಿಲ್ಲ. 12 ಕೆಜಿ ಇದ್ದಾಗ ಬರೆದದ್ದು 18 ಕೆಜಿಗೆ ಸಾಲದು. ಆರು ತಿಂಗಳಿಗೊಮ್ಮೆ ತೂಕ ಹಾಕಿಸಿ ತಿದ್ದಿಸಿ.

ಕೊಳ್ಳುವುದೂ ಒಂದು ಕೆಲಸವೇ. ಮಿಡಜೋಲಮ್ ಎಚ್1 ಪಟ್ಟಿಯ ಔಷಧ. ಅಂಗಡಿಯವರು ಚೀಟಿ ನೋಡಿ, ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದು, ಆ ದಾಖಲೆಯನ್ನು ಮೂರು ವರ್ಷ ಇಡಬೇಕು. “ಅಕ್ಕಾರ, ಚೀಟಿ ಇಲ್ದ ಕೊಡಾಕ ಬರಂಗಿಲ್ರಿ” ಎಂದರೆ ಅವರ ಮೇಲೆ ಸಿಟ್ಟಾಗಬೇಡಿ, ಅವರು ಸರಿಯಾಗಿಯೇ ಇದ್ದಾರೆ. ಎಲ್ಲ ಅಂಗಡಿಯಲ್ಲೂ ಇದು ಇರುವುದಿಲ್ಲ. ತಾಲ್ಲೂಕಿನಲ್ಲಿ ಸಿಗದಿದ್ದರೆ ದೊಡ್ಡ ಆಸ್ಪತ್ರೆಗಳ ಎದುರಿನ ಮೆಡಿಕಲ್‌ಗಳಲ್ಲಿ ಕೇಳಿ, ಇಲ್ಲವೇ ಮೊದಲೇ ಹೇಳಿ ತರಿಸಿಕೊಳ್ಳಿ. ಬಾಟಲಿ ಮುಗಿದ ದಿನ ಹುಡುಕಲು ಹೊರಟರೆ ಆಗದ ಮಾತು.

ಪಂಪಿನ ಕಡೆ ಬರೋಣ. ನಮ್ಮ ದೊಡ್ಡ ತಕರಾರು ಇದರ ಮೇಲೆ. ಹೊಸ ಬಾಟಲಿಯನ್ನು ಹಾಗೇ ಮೂಗಿಗೆ ಹಿಡಿದು ಒತ್ತಿದರೆ ಮೊದಲ ಕೆಲವು ಸಲ ಬರುವುದು ಬರೀ ಗಾಳಿ. ತಂದ ದಿನವೇ ಮುಚ್ಚಳ ತೆಗೆದು, ಸಣ್ಣ ಮಂಜಿನಂತೆ ಬರುವ ತನಕ ಗಾಳಿಯಲ್ಲಿ ಒತ್ತಿಡಬೇಕು. ನಾಲ್ಕೈದು ಸಲ ಬೇಕಾದೀತು. ವಾರಗಟ್ಟಲೆ ಮುಟ್ಟದೆ ಇಟ್ಟರೆ ಪಂಪಿನೊಳಗಿನ ಮದ್ದು ಮತ್ತೆ ಕೆಳಗಿಳಿಯುತ್ತದೆ. ಫಿಟ್ಸ್ ಎಂದಾದರೊಮ್ಮೆ ಬರುವುದು, ಬಾಟಲಿ ಯಾವಾಗಲೂ ‘ಮುಟ್ಟದೆ ಇಟ್ಟದ್ದೇ’. ಹಾಗಾಗಿ ಹೊಡೆಯುವ ಮುನ್ನ ಒಂದೆರಡು ಸಲ ಗಾಳಿಗೆ ಒತ್ತಿ, ಮಂಜು ಬಂದದ್ದು ಕಂಡ ಮೇಲೆ ಮೂಗಿಗೆ. ಹೀಗೆ ಪೋಲಾದದ್ದನ್ನೂ ಲೆಕ್ಕದಲ್ಲಿ ಹಿಡಿಯಿರಿ. 50 ಪಫ್ ಅಂದರೆ ಮಗುವಿಗೆ 50 ಸಿಗುವುದಿಲ್ಲ.

ಎರಡನೆಯದು ಬಾಟಲಿಯ ನಿಲುವು. ಒಳಗಿನ ಸಣ್ಣ ಕೊಳವೆಯ ತುದಿ ತಳದಲ್ಲಿ ಮುಳುಗಿದ್ದರೆ ಮಾತ್ರ ಮದ್ದು ಮೇಲೇರುತ್ತದೆ. ಫಿಟ್ಸ್ ಬಂದ ಮಗುವನ್ನು ಮಗ್ಗುಲಿಗೆ ಮಲಗಿಸಿ ಎಂದು ಎಲ್ಲರೂ ಹೇಳಿಕೊಟ್ಟಿರುತ್ತಾರೆ, ಅದು ಸರಿಯೇ. ಆದರೆ ಮಗ್ಗುಲಿಗೆ ಮಲಗಿದ ಮಗುವಿನ ಮೂಗಿಗೆ ಬಾಟಲಿ ಹಿಡಿದರೆ ಬಾಟಲಿಯೂ ಮಲಗುತ್ತದೆ, ಕೊಳವೆ ಗಾಳಿ ಎಳೆಯುತ್ತದೆ, ‘ಚಸ್’ ಅನ್ನುವ ಸದ್ದಷ್ಟೇ ಬರುತ್ತದೆ. ಹೀಗೆ ಮಾಡಿ: ಕಟವಾಯಿಯ ಜೊಲ್ಲು, ಮೂಗಿನ ಸಿಂಬಳ ಒರೆಸಿ. ಒಬ್ಬರು ಮಗುವಿನ ತಲೆಯ ಕೆಳಗೆ ಅಂಗೈ ಕೊಟ್ಟು ಸ್ವಲ್ಪ ಎತ್ತಿ ಹಿಡಿಯಲಿ. ಇನ್ನೊಬ್ಬರು ಬಾಟಲಿ ಆದಷ್ಟು ನೆಟ್ಟಗಿರುವಂತೆ ಹಿಡಿದು, ತುದಿಯನ್ನು ಹೊಳ್ಳೆಯೊಳಗೆ ಇಟ್ಟು, ನಡುಗೋಡೆಗಲ್ಲದೆ ಕಣ್ಣಿನ ಕಡೆಯ ಗೋಡೆಗೆ ಮುಖಮಾಡಿ, ಪೂರಾ ತಳ ಮುಟ್ಟುವಂತೆ ಒತ್ತಲಿ. ಬಲಕ್ಕೊಂದು, ಎಡಕ್ಕೊಂದು, ಬಾಯಿಬಿಟ್ಟು ಎಣಿಸುತ್ತ. ಅರೆಬರೆ ಒತ್ತಿದ್ದು ಅರೆಬರೆ ಪಫ್. ಮುಗಿದ ಕೂಡಲೇ ಮಗ್ಗುಲಿಗೆ ಹೊರಳಿಸಿ.

ದೊಡ್ಡ ಮಕ್ಕಳ ವಿಷಯದಲ್ಲಿ ಸ್ಪ್ರೇ ಸ್ವಲ್ಪ ಸೋಲುತ್ತದೆ. 0.5ರ ಬಾಟಲಿಯಲ್ಲಿ 30 ಕೆಜಿಗೆ 12 ಪಫ್ ಬೇಕು. ಒಂದೊಂದು ಹೊಳ್ಳೆಗೆ ಆರು ಅಂದರೆ ಅರ್ಧ ಎಂಎಲ್‌ಗೂ ಹೆಚ್ಚು. ಅಷ್ಟನ್ನು ಮೂಗಿನ ಒಳಪೊರೆ ಹೀರುವುದಿಲ್ಲ, ಮಿಕ್ಕದ್ದು ಗಂಟಲಿಗೆ ಇಳಿಯುತ್ತದೆ. ಅಂಥ ಮಕ್ಕಳಿಗೆ 1.25ರ ಬಾಟಲಿ ಒಳ್ಳೆಯದೇ ಎಂದು ವೈದ್ಯರನ್ನೇ ಕೇಳಿ. ನೆಗಡಿಯಿಂದ ಮೂಗು ಕಟ್ಟಿದ್ದಾಗಲೂ ಮದ್ದು ಒಳಗೆ ಹಿಡಿಯುವುದು ಕಡಿಮೆ. ಮೆಣಸಿನಕಾಯಿ ಕಣದ ಘಾಟಿನಲ್ಲಿ ಮೂಗು ಸೋರುವ ಮಕ್ಕಳಿಗೆ ಒರೆಸುವ ಕೆಲಸ ಬಿಡಲೇಬಾರದು.

ಬಾಟಲಿ ಇಡುವ ಜಾಗಕ್ಕೆ ನಮ್ಮ ಕಡೆ ಒಂದಿಷ್ಟು ತಲೆ ಓಡಿಸಬೇಕು. ಲೇಬಲ್ಲಿನಲ್ಲಿ ಬರೆದ ಉಷ್ಣಾಂಶ ಓದಿ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುವ ಊರುಗಳಿವು. ತಗಡಿನ ಶೆಡ್ಡಿನ ಗೂಡು, ಬೈಕಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡು ಇವು ಜಾಗಗಳೇ ಅಲ್ಲ. ಮಣ್ಣಿನ ಮಾಳಿಗೆಯ ಮನೆಯಾದರೆ ಒಳಕೋಣೆಯ ಗೋಡೆಗೂಡು ಸಾಕು. ಇಲ್ಲದಿದ್ದರೆ ಕುಡಿಯುವ ನೀರಿನ ಮಡಕೆಯ ಪಕ್ಕ ನೆನೆಯದಂತೆ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಿ. ಬೆಳಕೂ ಬೀಳಬಾರದು, ಫ್ರೀಜರಿಗಂತೂ ಬೇಡ. ಇನ್ನೊಂದು: ಅಜ್ಜನ ಅಲರ್ಜಿಯ ಮೂಗಿನ ಸ್ಪ್ರೇಯೂ ಹೀಗೇ ಕಾಣುತ್ತದೆ. ಫಿಟ್ಸ್ ಬಾಟಲಿಗೆ ಕೆಂಪು ಟೇಪ್ ಸುತ್ತಿ, ಟೇಪಿನ ಮೇಲೆ ಪಫ್ ಎಷ್ಟು ಎಂದು ಬರೆಯಿರಿ. ಡಬ್ಬಿಯೊಳಗಿನ ಇರುವೆಗಾಲಿನಷ್ಟು ಸಣ್ಣಕ್ಷರದ ಇಂಗ್ಲಿಷ್ ಕಾಗದವನ್ನು ಆ ಗಳಿಗೆಯಲ್ಲಿ ಯಾರೂ ಓದಲಾರರು. ಕಂಪನಿಗಳು ಒಂದು ಕನ್ನಡದ ಚಿತ್ರಚೀಟಿ ಇಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಹೊಡೆದ ಮೇಲೆ ಏನು? ಬಹಳಷ್ಟು ಸಲ ಕೆಲವೇ ನಿಮಿಷದಲ್ಲಿ ನಿಲ್ಲುತ್ತದೆ. ಮೂಗು ಉರಿದು ಕಣ್ಣಲ್ಲಿ ನೀರು ಬರಬಹುದು, ಆಮೇಲೆ ತಾಸೆರಡು ತಾಸು ಮಂಪರು. ಆ ಮಂಪರಿನ ಹೊತ್ತಿನಲ್ಲಿ ಪಕ್ಕದಲ್ಲೇ ಕೂತು ಎದೆ ಏರಿಳಿಯುವುದನ್ನು, ತುಟಿಯ ಬಣ್ಣವನ್ನು ನೋಡುತ್ತಿರಿ. ಪೂರಾ ಎಚ್ಚರವಾಗುವ ತನಕ ನೀರು, ಹಾಲು, ಗುಳಿಗೆ ಯಾವುದೂ ಬಾಯಿಗೆ ಬೇಡ. ಹೊಡೆದು 5 ನಿಮಿಷವಾದರೂ ನಿಲ್ಲದಿದ್ದರೆ, ಉಸಿರು ಎಳೆದಂತೆ ಕಂಡರೆ, ತುಟಿ ನೀಲಿಯಾದರೆ, ಅಥವಾ ಜೀವನದಲ್ಲಿ ಮೊದಲ ಸಲ ಸ್ಪ್ರೇ ಹೊಡೆದದ್ದಾದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ವೈದ್ಯರು ಬರೆದುಕೊಡದೆ ಎರಡನೇ ಸುತ್ತು ಹೊಡೆಯಬೇಡಿ. ತಾನಾಗಿ ನಿಂತ ಫಿಟ್ಸ್‌ಗೆ ‘ಇರಲಿ’ ಎಂದು ಹೊಡೆಯುವುದೂ ತಪ್ಪು. ಒಂದರ ಹಿಂದೊಂದು ಬರುವ ಮಕ್ಕಳಿಗೆ 5 ನಿಮಿಷ ಕಾಯದೆ ಕೊಡಲು ಕೆಲವು ವೈದ್ಯರು ಹೇಳುತ್ತಾರೆ; ಅದು ಚೀಟಿಯಲ್ಲಿ ಇರಲಿ.

ನಿಮಿಷವನ್ನು ಮೊಬೈಲಿನಲ್ಲೇ ನೋಡಿ. ಮಗು ಬಡಿದುಕೊಳ್ಳುವಾಗ ಒಂದು ನಿಮಿಷ ಹತ್ತು ನಿಮಿಷದಂತೆ ಕಾಣುತ್ತದೆ.

ಕುಟುಂಬದ ಮಟ್ಟಿಗೆ ಈ ಬಾಟಲಿಯ ದೊಡ್ಡ ಕೊರತೆ ಅಂದರೆ, ಬಳಸುವುದು ತಾಯಿಗೊಬ್ಬಳಿಗೇ ಗೊತ್ತಿರುತ್ತದೆ. ಅವಳು ಹತ್ತಿ ಬಿಡಿಸಲು ಹೋದ ದಿನ, ತಂದೆ ಸಂಡೂರಿನ ಗಣಿಯಲ್ಲಿ ಪಾಳಿಯಲ್ಲಿದ್ದ ದಿನ ಮನೆಯಲ್ಲಿ ಇರುವುದು ಅಜ್ಜಿ. ಅಜ್ಜಿ ಅನ್ನುವುದು “ಕೈಯಾಗ ಕಬ್ಬಣ ಕೊಡ್ರಿ, ಉಳ್ಳಾಗಡ್ಡಿ ಮೂಸಿಸ್ರಿ”. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ, ಹಲ್ಲಿನ ನಡುವೆ ಚಮಚ ತುರುಕಿದರೆ ಹಲ್ಲು ಮುರಿದು ಉಸಿರುನಾಳಕ್ಕೆ ಹೋಗಬಹುದು. ಆದರೆ ಅಜ್ಜಿಯನ್ನು ಗದರಿಸಿ ಉಪಯೋಗವಿಲ್ಲ. ಹೊತ್ತು ನೋಡುವ, ಬಾಯಿಬಿಟ್ಟು ಪಫ್ ಎಣಿಸುವ ಕೆಲಸ ಅವರಿಗೆ ಕೊಡಿ, ಕೈಗೂ ಮನಸ್ಸಿಗೂ ಕೆಲಸ ಸಿಗುತ್ತದೆ. ಶಾಲೆಗೆ ಇನ್ನೊಂದು ಬಾಟಲಿ ಬೇಕು. ಮಗುವಿನ ಪಾಟೀಚೀಲದಲ್ಲಿ ಅಲ್ಲ, ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ, ವೈದ್ಯರ ಚೀಟಿಯ ನಕಲು ಮತ್ತು ಪಾಲಕರ ಒಪ್ಪಿಗೆ ಪತ್ರದ ಜೊತೆ. ಶಿಕ್ಷಕರು ಹಿಂಜರಿಯುವುದು ಸಹಜ, ಬರಹದಲ್ಲಿ ಕೊಟ್ಟರೆ ಆ ಹಿಂಜರಿಕೆ ಅರ್ಧ ಇಳಿಯುತ್ತದೆ.

ಬಾಟಲಿ ಇದೆ ಎಂಬ ಧೈರ್ಯದಲ್ಲಿ ದಿನದ ಗುಳಿಗೆ ತಪ್ಪಿಸುವುದು, ಮಗುವನ್ನು ತುಂಗಭದ್ರಾ ಕಾಲುವೆಗೆ ಒಂಟಿಯಾಗಿ ಈಜಲು ಬಿಡುವುದು, ಇವೂ ಆಗುತ್ತವೆ. ನೀರಿನಲ್ಲಿ ಫಿಟ್ಸ್ ಬಂದರೆ ಸ್ಪ್ರೇ ಏನೂ ಮಾಡದು. ಗವಿಮಠದ ಜಾತ್ರೆಯಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ರಾತ್ರಿಯ ಗುಳಿಗೆ ಮರೆತರೆ ಮರುದಿನ ಬೆಳಗ್ಗೆ ಫಿಟ್ಸ್ ಬಂದೀತು. ಬಾಟಲಿ ಎತ್ತಿದ ಪ್ರತಿ ಸಲವೂ ದಿನಾಂಕ, ಎಷ್ಟು ನಿಮಿಷ, ಎಷ್ಟು ಪಫ್ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲು ಅಪರೂಪಕ್ಕೆ ಎತ್ತುತ್ತಿದ್ದ ಬಾಟಲಿಯನ್ನು ತಿಂಗಳಿಗೆ ಎರಡು ಸಲ ಎತ್ತುವಂತಾದರೆ ಬದಲಾಗಬೇಕಾದದ್ದು ದಿನದ ಔಷಧ. ಆ ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ.

ನಮ್ಮ ಅಂಕ: ಮದ್ದಿಗೆ ಐದಕ್ಕೆ ಐದು, ಪಂಪಿಗೆ ಮೂರು, ಒಳಗಿನ ಕಾಗದಕ್ಕೆ ಒಂದು. ಖಾಲಿಯಾದ ಬಾಟಲಿಯನ್ನು ಎಸೆಯಬೇಡಿ. ತೊಳೆದು, ನೀರು ತುಂಬಿ, ಕೆಂಪು ಟೇಪ್ ಕಿತ್ತು, ‘ನೀರು’ ಎಂದು ದಪ್ಪಕ್ಷರದಲ್ಲಿ ಬರೆದು, ಅಸಲಿ ಬಾಟಲಿಯಿಂದ ದೂರ ಇಡಿ. ದಿಂಬನ್ನು ಮಲಗಿಸಿ ಅಣ್ಣ, ಅಕ್ಕ, ಅಜ್ಜಿ ಎಲ್ಲರೂ ಒಂದು ಸಲ ಒತ್ತಿ ನೋಡಲಿ. ಬಾಟಲಿ ಓರೆಯಾದರೆ ಗಾಳಿ ಬರುತ್ತದೆ ಎನ್ನುವುದು ಅಲ್ಲೇ ಕಾಣುತ್ತದೆ.